ಸಾಂಬ್ರಾದಿಂದ ಎಷ್ಟು ದೂರ, ಎಷ್ಟು ಹೊತ್ತು: ವಿಮಾನದ ಲೆಕ್ಕ ನೀವೇ ಹಾಕಿಕೊಳ್ಳುವ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಚಿಕ್ಕ ಟಿಕೆಟ್ ಬುಕಿಂಗ್ ಅಂಗಡಿ ಇದೆ. ವಿಮಾನ, ರೈಲು, ಬಸ್ಸು ಮೂರರ ಟಿಕೆಟ್ಟೂ ಮಾಡಿಕೊಡುತ್ತೇನೆ. ಬಂದವರು ದರ ಕೇಳಿದ ಕೂಡಲೇ ಕೇಳುವ ಮಾತು ಒಂದೇ: "ಅಕ್ಕಾರ, ಎಷ್ಟೊತ್ತಿಗೆ ಮುಟ್ಟತೇವ್ರಿ?" ಒಬ್ಬರಿಗೆ ಬೆಂಗಳೂರಿನಲ್ಲಿ ಹನ್ನೊಂದಕ್ಕೆ ಇಂಟರ್‌ವ್ಯೂ. ಇನ್ನೊಬ್ಬರು ಮರಾಠಾ ಲಘು ಪದಾತಿ ದಳದ ಜವಾನ. ರಜೆ ಮುಗಿಯುವ ದಿನ ದೆಹಲಿಯಲ್ಲಿ ಹಾಜರಿ ಹಾಕಬೇಕು. ಮತ್ತೊಬ್ಬ ಮೊದಲ ಸಲ ದುಬೈಗೆ ಹೊರಟ ಗೋಕಾಕದ ಹುಡುಗ. ಇವರಿಗೆಲ್ಲ ಸರಿಯಾದ ಉತ್ತರ ಬೇಕು. ಆ ಉತ್ತರವನ್ನು ನೀವೇ ಕಂಡುಕೊಳ್ಳುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಕಷ್ಟದ್ದೇನಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಮೊಬೈಲ್‌ನಲ್ಲಿ ಬೆಳಗಾವಿಯಿಂದ ಬೆಂಗಳೂರಿಗೆ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ ಸುಮಾರು 500 ಕಿ.ಮೀ. ಅಂತ ಬರುತ್ತದೆ. ಇನ್ನೊಂದು ಕಡೆ 610 ಕಿ.ಮೀ. ಮತ್ತೊಂದು ಕಡೆ 445 ಕಿ.ಮೀ. ಮೂರೂ ಸರಿಯೇ. 500 ಅಂದರೆ ಧಾರವಾಡ, ದಾವಣಗೆರೆ, ತುಮಕೂರು ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ದಾರಿ. 610 ಅಂದರೆ ರೈಲು ಹಳಿಯ ಉದ್ದ. 445 ಅಂದರೆ ಸಾಂಬ್ರಾ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದರೆ ಬರುವ ದೂರ. ವಿಮಾನಕ್ಕೆ ನಮಗೆ ಬೇಕಾದದ್ದು ಈ ಕೊನೆಯದು.

ಊರಿನ ಹೆಸರು ಹಾಕಿ ಹುಡುಕಬೇಡಿ, ನಿಲ್ದಾಣದ ಹೆಸರು ಹಾಕಿ ಹುಡುಕಿ. ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಗೋವಾಕ್ಕೆ ಈಗ ಎರಡು ನಿಲ್ದಾಣಗಳಿವೆ. ಹಳೆಯದು ದಾಬೋಲಿಂ. ಉತ್ತರ ಗೋವಾದ ಮೋಪಾದಲ್ಲಿರುವುದು 2023ರ ಜನವರಿಯಲ್ಲಿ ಶುರುವಾಯಿತು. ಮುಂಬೈಗೂ ಈಗ ಎರಡು, ಹಳೆಯ ನಿಲ್ದಾಣದ ಜೊತೆಗೆ ನವಿ ಮುಂಬೈಯದು. ದೆಹಲಿ ಕಡೆ ಹೋಗುವವರಿಗೆ ಇಂದಿರಾ ಗಾಂಧಿ ನಿಲ್ದಾಣವಲ್ಲದೆ ಗಾಜಿಯಾಬಾದ್ ಪಕ್ಕದ ಹಿಂಡನ್ ಕೂಡ ಸಿಗಬಹುದು. ವಿಮಾನದಲ್ಲಿ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಇಳಿದ ಮೇಲೆ ಮಾತ್ರ ಒಂದೂವರೆ ಗಂಟೆ ಆಚೀಚೆ ಆಗಬಹುದು. ಪ್ರತಿ ನಿಲ್ದಾಣಕ್ಕೂ ಮೂರು ಅಕ್ಷರದ ಕೋಡ್ ಇರುತ್ತದೆ. ನಮ್ಮ ಸಾಂಬ್ರಾಕ್ಕೆ ಐಎಕ್ಸ್‌ಜಿ, ಬೆಂಗಳೂರಿಗೆ ಬಿಎಲ್‌ಆರ್, ಹುಬ್ಬಳ್ಳಿಗೆ ಎಚ್‌ಬಿಎಕ್ಸ್. ಟಿಕೆಟ್ ಮೇಲೆ ಊರಿನ ಹೆಸರಿಗಿಂತ ಈ ಕೋಡ್ ಓದುವ ಅಭ್ಯಾಸ ಮಾಡಿಕೊಳ್ಳಿ.

ದೂರ ಅಳೆಯುವ ಸುಲಭ ದಾರಿ ಗೂಗಲ್ ಮ್ಯಾಪ್ಸ್. ಸಾಂಬ್ರಾ ವಿಮಾನ ನಿಲ್ದಾಣ ಹುಡುಕಿ, ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಒಂದು ಗುರುತು ಬೀಳುತ್ತದೆ. ಕೆಳಗೆ ತೆರೆಯುವ ವಿವರದಲ್ಲಿ ದೂರ ಅಳೆಯುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ನಕ್ಷೆಯನ್ನು ಸರಿಸುತ್ತ ದೇವನಹಳ್ಳಿಯ ರನ್‌ವೇವರೆಗೆ ಹೋಗಿ. ಕಿಲೋಮೀಟರ್ ಕೆಳಗೆ ಕಾಣಿಸುತ್ತದೆ. ಕಂಪ್ಯೂಟರ್‌ನಲ್ಲಾದರೆ ಮೌಸ್‌ನ ಬಲಗಡೆ ಗುಂಡಿ ಒತ್ತಿದರೆ ಅದೇ ಆಯ್ಕೆ ಸಿಗುತ್ತದೆ.

ಕೈಯಿಂದಲೂ ಲೆಕ್ಕ ಹಾಕಬಹುದು. ನನ್ನ ಅಂಗಡಿಗೆ ಬರುವ ಕಾಲೇಜು ಮಕ್ಕಳಿಗೆ ಇದನ್ನು ಹೇಳಿಕೊಡುವುದು ನನಗೆ ತುಂಬಾ ಇಷ್ಟ. ಪ್ರತಿ ಜಾಗಕ್ಕೂ ಅಕ್ಷಾಂಶ, ರೇಖಾಂಶ ಇರುತ್ತವೆ ಅಲ್ವಾ? ಸಾಂಬ್ರಾದ್ದು 15.86 ಮತ್ತು 74.62. ದೇವನಹಳ್ಳಿಯದ್ದು 13.20 ಮತ್ತು 77.71. ಅಕ್ಷಾಂಶದ ಅಂತರ 2.66 ಡಿಗ್ರಿ, ರೇಖಾಂಶದ ಅಂತರ 3.09 ಡಿಗ್ರಿ. ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಅಂದರೆ ಎಲ್ಲಾದರೂ ಸುಮಾರು 111 ಕಿ.ಮೀ. ಪೂರ್ವ ಪಶ್ಚಿಮವಾಗಿ ಹಾಗಲ್ಲ. ಧ್ರುವದ ಕಡೆ ಹೋದಂತೆ ರೇಖಾಂಶಗಳು ಹತ್ತಿರ ಹತ್ತಿರ ಬರುತ್ತವೆ. ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ ಸುಮಾರು 107.5 ಕಿ.ಮೀ. ಹಿಡಿಯಬಹುದು. ಹಾಗಾದರೆ ದಕ್ಷಿಣಕ್ಕೆ 295 ಕಿ.ಮೀ., ಪೂರ್ವಕ್ಕೆ 332 ಕಿ.ಮೀ. ಇನ್ನು ಹೈಸ್ಕೂಲಿನಲ್ಲಿ ಕಲಿತ ಪೈಥಾಗೊರಸ್. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. 444 ಬರುತ್ತದೆ. ನಕ್ಷೆ ತೋರಿಸುವ ದೂರಕ್ಕೂ ಇದಕ್ಕೂ ಒಂದೇ ಕಿಲೋಮೀಟರ್ ವ್ಯತ್ಯಾಸ!

ಹೀಗೇ ಲೆಕ್ಕ ಹಾಕಿದರೆ ಸಾಂಬ್ರಾದಿಂದ ಹೈದರಾಬಾದ್‌ಗೆ ಸುಮಾರು 435 ಕಿ.ಮೀ., ಮುಂಬೈಯ ಹಳೆಯ ನಿಲ್ದಾಣಕ್ಕೆ ಸುಮಾರು 405 ಕಿ.ಮೀ. ದೆಹಲಿಗೆ ಸುಮಾರು 1,435 ಕಿ.ಮೀ. ಬೆಂಗಳೂರು, ಹೈದರಾಬಾದ್, ಮುಂಬೈ ಮೂರೂ ನಮ್ಮಿಂದ ಹೆಚ್ಚು ಕಡಿಮೆ ಒಂದೇ ದೂರದಲ್ಲಿವೆ.

ಈ ಕೈಲೆಕ್ಕ ದೇಶದ ಒಳಗಿನ ಪ್ರಯಾಣಕ್ಕೆ ಸಾಕು. ತುಂಬಾ ದೂರಕ್ಕೆ ಮಾತ್ರ ನಂಬಬೇಡಿ. ಬೆಂಗಳೂರಿನಿಂದ ಲಂಡನ್‌ನ ಹೀಥ್ರೂಗೆ ಇದೇ ರೀತಿ ಲೆಕ್ಕ ಹಾಕಿದರೆ, ರೇಖಾಂಶದ ಒಂದು ಡಿಗ್ರಿಯನ್ನು ನಡುದಾರಿಗೆ ತಕ್ಕಂತೆ ಕಡಿಮೆ ಹಿಡಿದರೂ, ಸುಮಾರು 8,470 ಕಿ.ಮೀ. ಬರುತ್ತದೆ. ನಿಜವಾದ ದೂರ ಸುಮಾರು 8,045. ಭೂಮಿ ಗುಂಡಗಿದೆ, ನಮ್ಮ ಲೆಕ್ಕ ಅದನ್ನು ಚಪ್ಪಟೆ ಅಂತ ಹಿಡಿಯಿತು. ಅದಕ್ಕೇ 400 ಕಿ.ಮೀ.ಗೂ ಜಾಸ್ತಿ ತಪ್ಪು. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಎಲ್ಲಿ ಕೂರುತ್ತದೋ ಅದೇ ಹತ್ತಿರದ ದಾರಿ. ಬೆಂಗಳೂರು ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಡುವೆ ದಾರ ಹಿಡಿದರೆ ಅದು ಉತ್ತರ ಧ್ರುವದ ಹತ್ತಿರ ಹೋಗುತ್ತದೆ. ಗೋಡೆಯ ನಕ್ಷೆ ನೋಡಿದವರು ಇದನ್ನು ನಂಬುವುದೇ ಇಲ್ಲ. ಆದರೆ 2021ರ ಜನವರಿ 11ರಂದು ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬಂದು ದೇವನಹಳ್ಳಿಯಲ್ಲಿ ವಿಮಾನ ಇಳಿಸಿದರು. ಸುಮಾರು 14 ಸಾವಿರ ಕಿ.ಮೀ. ಹಾದಿ. ಆ ಸುದ್ದಿ ಓದಿದಾಗ ನನಗೆ ಆದ ಹೆಮ್ಮೆ ಈಗಲೂ ಹಾಗೇ ಇದೆ.

ದೂರ ಸಿಕ್ಕಿತು. ಇನ್ನು ಸಮಯ. ಇಲ್ಲಿಯೇ ಜನ ಎಡವುವುದು. ವಿಮಾನ ಗಂಟೆಗೆ 800 ಕಿ.ಮೀ. ಓಡುತ್ತದೆ, 445 ಕಿ.ಮೀ.ಗೆ ಅರ್ಧ ಗಂಟೆ ಸಾಕು ಅಂತ ಲೆಕ್ಕ ಹಾಕುತ್ತಾರೆ. ಟಿಕೆಟ್ ಮೇಲೆ ಒಂದೂಕಾಲು ಗಂಟೆ ಅಂತ ನೋಡಿ ಇದೇಕೆ ಹೀಗೆ ಅಂತ ಕೇಳುತ್ತಾರೆ. ಟಿಕೆಟ್‌ನಲ್ಲಿ ಬರೆದಿರುವುದು ಹಾರಾಟದ ಸಮಯ ಒಂದೇ ಅಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ, ಇನ್ನೊಂದು ಊರಿನಲ್ಲಿ ಹೋಗಿ ನಿಲ್ಲುವವರೆಗಿನ ಪೂರ್ತಿ ಸಮಯ. ರನ್‌ವೇಗೆ ಉರುಳಿಕೊಂಡು ಹೋಗಬೇಕು, ಸರದಿ ಬಂದಾಗ ಏರಬೇಕು, ನಿಧಾನಕ್ಕೆ ಎತ್ತರ ಹಿಡಿಯಬೇಕು. ಇಳಿಯುವಾಗಲೂ ಅಷ್ಟೇ, ವೇಗ ಕಡಿಮೆ ಮಾಡುತ್ತ ಬರಬೇಕು. ಹತ್ತಿರದ ಊರಿಗೆ ಹೋಗುವಾಗ ಪೂರ್ತಿ ವೇಗದಲ್ಲಿ ಓಡುವ ಹೊತ್ತು ತೀರಾ ಕಡಿಮೆ.

ನಾನು ಬಳಸುವ ಸೂತ್ರ ಹೀಗಿದೆ. ಜೆಟ್ ವಿಮಾನವಾದರೆ, ಅಂದರೆ ಏರ್‌ಬಸ್ 320 ಅಥವಾ ಎಂಬ್ರೇಯರ್ ಥರದ್ದು, ಕಿಲೋಮೀಟರನ್ನು 800ರಿಂದ ಭಾಗಿಸಿ. ಬಂದ ಸಮಯಕ್ಕೆ 35 ನಿಮಿಷ ಸೇರಿಸಿ. ಫ್ಯಾನ್ ಇರುವ ಎಟಿಆರ್ ವಿಮಾನವಾದರೆ 480ರಿಂದ ಭಾಗಿಸಿ, 30 ನಿಮಿಷ ಸೇರಿಸಿ. ಬೆಂಗಳೂರಿಗೆ ಜೆಟ್‌ನಲ್ಲಿ 33 ಮತ್ತು 35, ಒಟ್ಟು 68 ನಿಮಿಷ. ಎಟಿಆರ್‌ನಲ್ಲಿ 56 ಮತ್ತು 30, ಒಟ್ಟು 86 ನಿಮಿಷ. ದೆಹಲಿಗೆ ಜೆಟ್‌ನಲ್ಲಿ ಒಂದು ಗಂಟೆ 48 ನಿಮಿಷಕ್ಕೆ 35 ಸೇರಿಸಿದರೆ ಎರಡು ಗಂಟೆ 23 ನಿಮಿಷ. ಕಂಪನಿಗಳು ಇದಕ್ಕೆ ಐದು ಹತ್ತು ನಿಮಿಷ ಕೂಡಿಸಿಯೇ ಬರೆಯುತ್ತವೆ. ದೊಡ್ಡ ನಿಲ್ದಾಣದಲ್ಲಿ ಇಳಿಯಲು ಕಾಯಬೇಕಾಗುತ್ತದೆ ಅಂತ ಅವರಿಗೆ ಗೊತ್ತು. ಯಾವ ವಿಮಾನ ಅನ್ನುವುದು ಬುಕ್ ಮಾಡುವಾಗ ವಿವರದಲ್ಲಿ ಇರುತ್ತದೆ, ನೋಡಿಕೊಳ್ಳಿ.

ಪೈಲಟ್ ಹೇಳುವ ನಾಟಿಕಲ್ ಮೈಲು, ನಾಟ್ ಕೇಳಿ ಗಾಬರಿ ಬೇಡ. ಒಂದು ನಾಟಿಕಲ್ ಮೈಲು 1.852 ಕಿ.ಮೀ. ನಮ್ಮ ಬೆಂಗಳೂರು ದಾರಿ 240 ನಾಟಿಕಲ್ ಮೈಲು. ಗಂಟೆಗೆ ಒಂದು ನಾಟಿಕಲ್ ಮೈಲು ಹೋದರೆ ಒಂದು ನಾಟ್.

ಸೂತ್ರದಿಂದ ಬಂದದ್ದು ಅಂದಾಜು. ಅದನ್ನು ಆಚೀಚೆ ಮಾಡುವ ಸಂಗತಿಗಳಿವೆ. ಒಂದು ಗಾಳಿ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಸಾಂಬ್ರಾದ ರನ್‌ವೇ ಪೂರ್ವ ಪಶ್ಚಿಮವಾಗಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಬೆಂಗಳೂರು ವಿಮಾನ ಮೊದಲು ಪಶ್ಚಿಮಕ್ಕೆ, ಅಂದರೆ ಊರಿನ ಕಡೆಗೇ ಏರಿ, ಆಮೇಲೆ ತಿರುಗಿ ಆಗ್ನೇಯಕ್ಕೆ ಹೋಗಬೇಕು. ಕೆಲವು ನಿಮಿಷ ಅಲ್ಲಿ ಹೋಯಿತು. ದೂರದ ಪ್ರಯಾಣದಲ್ಲಿ ಮೇಲಿನ ಗಾಳಿ ಇನ್ನೂ ಜಾಸ್ತಿ ಆಟ ಆಡಿಸುತ್ತದೆ. ಬೆಂಗಳೂರಿನಿಂದ ದುಬೈಗೆ 2,695 ಕಿ.ಮೀ. ಸೂತ್ರದ ಪ್ರಕಾರ ಸುಮಾರು ನಾಲ್ಕು ಗಂಟೆ. ಹೋಗುವಾಗ ಅಷ್ಟೇ ಆಗುತ್ತದೆ. ಬರುವಾಗ ಪಶ್ಚಿಮದ ಗಾಳಿ ಹಿಂದಿನಿಂದ ನೂಕಿದರೆ ಹದಿನೈದು ಇಪ್ಪತ್ತು ನಿಮಿಷ ಬೇಗ ಬರುತ್ತದೆ.

ಇನ್ನೊಂದು, ದಾರಿ. ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದಂತೆ ವಿಮಾನ ಹೋಗುವುದಿಲ್ಲ. ಅದಕ್ಕೂ ಗೊತ್ತು ಮಾಡಿದ ಮಾರ್ಗಗಳಿವೆ. ಸೇನೆಗೆ ಮೀಸಲಾದ ಜಾಗಗಳನ್ನು ಸುತ್ತಿ ಹೋಗಬೇಕು. ಕೆಲವೊಮ್ಮೆ ಒಂದು ದೇಶ ತನ್ನ ಆಕಾಶವನ್ನೇ ಮುಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು. ಊರುಗಳ ನಡುವಿನ ದೂರ ಅಷ್ಟೇ ಇತ್ತು, ಸಮಯ ಜಾಸ್ತಿ ಆಯಿತು.

ಇದಕ್ಕೆಲ್ಲ ನನ್ನ ಹತ್ತಿರ ಇರುವ ಒಳ್ಳೆಯ ಉಪಾಯ ಹಳೆಯ ದಾಖಲೆ ನೋಡುವುದು. ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ. ಹಿಂದಿನ ಕೆಲವು ದಿನ ಅದು ಎಷ್ಟಕ್ಕೆ ಬಿಟ್ಟಿತು, ಎಷ್ಟಕ್ಕೆ ಇಳಿಯಿತು ಅಂತ ಬರುತ್ತದೆ. ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಇದ್ದರೂ ಗಾಳಿಯಲ್ಲಿ ಇದ್ದದ್ದು ಐವತ್ತು ನಿಮಿಷ ಅಂತ ಕಾಣಬಹುದು. ಅದಕ್ಕಿಂತ ಮುಖ್ಯ, ಅದೇ ವಿಮಾನ ದಿನಾಲೂ ತಡವಾಗಿ ಬಿಡುತ್ತಿದೆಯಾ ಅಂತ ಗೊತ್ತಾಗುತ್ತದೆ. ಇಂಟರ್‌ವ್ಯೂಗೆ ಹೊರಟವರಿಗೆ ಇದನ್ನು ತೋರಿಸದೆ ನಾನು ಟಿಕೆಟ್ ಮಾಡುವುದಿಲ್ಲ.

ಮಳೆಗಾಲದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಜುಲೈ, ಆಗಸ್ಟ್‌ನಲ್ಲಿ ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ. ಮೋಡ ಕೆಳಗೇ ಕೂತಿರುತ್ತದೆ. ರನ್‌ವೇ ಕಾಣದಿದ್ದರೆ ವಿಮಾನ ಮೇಲೆಯೇ ಸುತ್ತು ಹಾಕುತ್ತದೆ. ಆಗಲೂ ಆಗದಿದ್ದರೆ ಬೇರೆ ಊರಿನಲ್ಲಿ ಇಳಿಯುತ್ತದೆ, ಇಲ್ಲವೇ ಬಂದಲ್ಲಿಗೇ ವಾಪಸ್. ಇದು ಯಾರ ತಪ್ಪೂ ಅಲ್ಲ, ನಿಮ್ಮ ಜೀವದ ಕಾಳಜಿ. ಆ ತಿಂಗಳುಗಳಲ್ಲಿ ಪರೀಕ್ಷೆ, ಇಂಟರ್‌ವ್ಯೂ, ಆಪರೇಷನ್ ದಿನಾಂಕ ಇದ್ದವರಿಗೆ ಹಿಂದಿನ ದಿನವೇ ಹೋಗಿ ಅನ್ನುತ್ತೇನೆ, ಇಲ್ಲವೇ ರಾತ್ರಿಯ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯಲು ಹೇಳುತ್ತೇನೆ. ಟಿಕೆಟ್ ಹಣ ನನಗೆ ಕಡಿಮೆ ಬಂದರೂ ಪರವಾಗಿಲ್ಲ. ಚಳಿಗಾಲದಲ್ಲಿ ಇದೇ ತೊಂದರೆ ದೇವನಹಳ್ಳಿಯಲ್ಲಿ ಬೆಳಗಿನ ಮಂಜಿನಿಂದ ಬರುತ್ತದೆ. ಆಗ ಮಧ್ಯಾಹ್ನದ ವಿಮಾನ ಒಳ್ಳೆಯದು.

ಹೊರದೇಶಕ್ಕೆ ಹೋಗುವವರು ಗಡಿಯಾರದ ಲೆಕ್ಕ ಹಿಡಿಯಬೇಕು. ಟಿಕೆಟ್‌ನಲ್ಲಿ ಬಿಡುವ ಸಮಯ ಬಿಡುವ ಊರಿನದ್ದು, ಇಳಿಯುವ ಸಮಯ ಇಳಿಯುವ ಊರಿನದ್ದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 10ಕ್ಕೆ ಬಿಟ್ಟು ದುಬೈಯಲ್ಲಿ 12.30ಕ್ಕೆ ಇಳಿಯುತ್ತದೆ ಅಂತ ಇದ್ದರೆ ಎರಡೂವರೆ ಗಂಟೆ ಅಂತ ತಿಳಿಯಬೇಡಿ, ನಾಲ್ಕು ಗಂಟೆ. ವಾಪಸ್ ಬರುವಾಗ ರಾತ್ರಿ 10ಕ್ಕೆ ಬಿಟ್ಟು ನಸುಕಿನ 3.15ಕ್ಕೆ ಇಳಿದರೆ ಐದೂಕಾಲು ಗಂಟೆಯಲ್ಲ, ಮೂರು ಮುಕ್ಕಾಲು ಗಂಟೆ. ಪಶ್ಚಿಮಕ್ಕೆ ಹೋಗುವಾಗ ಅಂತರವನ್ನು ಕೂಡಿಸಿ, ನಮ್ಮ ಕಡೆ ಬರುವಾಗ ಕಳೆಯಿರಿ. ಲಂಡನ್‌ನದ್ದು ಇನ್ನೊಂದು ತರ. ಚಳಿಗಾಲದಲ್ಲಿ ಐದೂವರೆ ಗಂಟೆ ಅಂತರ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ನಸುಕಿನಲ್ಲಿ ಬಿಡುವ ವಿಮಾನವಿದ್ದರೆ ತಾರೀಖು ಎರಡು ಸಲ ಓದಿ. 15ನೇ ತಾರೀಖು ರಾತ್ರಿ 1 ಗಂಟೆ ಅಂದರೆ 14ರ ರಾತ್ರಿಯೇ ನಿಲ್ದಾಣದಲ್ಲಿ ಇರಬೇಕು. ಇದನ್ನು ನಾನು ಟಿಕೆಟ್ ಹಿಂದೆ ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ.

ದುಬೈ ಮಾತು ಬಂತು, ಒಂದು ಒಳ್ಳೆಯ ಲೆಕ್ಕ ತೋರಿಸುತ್ತೇನೆ. ನಮ್ಮ ಜನ ದುಬೈ ಅಂದರೆ ಮೊದಲು ಬೆಂಗಳೂರಿಗೆ ಹೋಗಬೇಕು ಅಂತಲೇ ತಿಳಿದಿರುತ್ತಾರೆ. ಸಾಂಬ್ರಾದಿಂದ ದುಬೈಗೆ ನೆಟ್ಟಗೆ ಅಳೆದರೆ ಸುಮಾರು 2,255 ಕಿ.ಮೀ. ಬೆಂಗಳೂರು ಮೇಲೆ ಹೋದರೆ 445 ಮತ್ತು 2,695 ಸೇರಿ 3,140. ಮುಂಬೈ ಮೇಲೆ ಹೋದರೆ 405 ಮತ್ತು 1,925 ಸೇರಿ 2,330. ದುಬೈ ವಾಯವ್ಯಕ್ಕಿದೆ, ಬೆಂಗಳೂರು ಆಗ್ನೇಯಕ್ಕೆ. ತಿರುಗಿ ನಮ್ಮ ತಲೆಯ ಮೇಲಿನಿಂದಲೇ ಬಂದ ಹಾಗೆ. ಮುಂಬೈ ದಾರಿಯ ಮೇಲೇ ಇದೆ. ಹಾಗಂತ ಯಾವಾಗಲೂ ಮುಂಬೈ ಬೇಗ ಅಂತಲ್ಲ. ಮುಂಬೈಯಲ್ಲಿ ಏಳು ಗಂಟೆ ಕಾಯಬೇಕಾದರೆ, ಬೆಂಗಳೂರಿನಲ್ಲಿ ನಾಲ್ಕು ಗಂಟೆ ಸಾಕಾದರೆ, ಬೆಂಗಳೂರೇ ವಾಸಿ. ಎರಡನ್ನೂ ಕೂಡಿಸಿ ನೋಡಿ. ಗೋವಾದಿಂದ ಗಲ್ಫ್‌ಗೆ ನೇರ ವಿಮಾನ ಆ ದಿನ ಇದೆಯಾ ಅಂತಲೂ ನೋಡಿ. ಚೋರ್ಲಾ ಘಾಟ್ ಇಳಿದರೆ ಗೋವಾ, ಮಳೆ ಇಲ್ಲದ ದಿನ ಮೂರ್ನಾಲ್ಕು ಗಂಟೆಯ ದಾರಿ.

ನಡುವೆ ವಿಮಾನ ಬದಲಿಸುವಾಗ ಎರಡೂ ಒಂದೇ ಟಿಕೆಟ್‌ನಲ್ಲಿ ಇವೆಯಾ ಅಂತ ನೋಡುವುದು ತುಂಬಾ ಮುಖ್ಯ. ಒಂದೇ ಟಿಕೆಟ್ ಆದರೆ ಮೊದಲನೆಯದು ತಡವಾದಾಗ ಮುಂದಿನ ಹೊಣೆ ಕಂಪನಿಯದ್ದು. ಬೇರೆ ಬೇರೆ ಆದರೆ ಹೊಣೆ ನಿಮ್ಮದೇ. ಬ್ಯಾಗ್ ತೆಗೆದುಕೊಂಡು ಹೊರಗೆ ಬಂದು ಮತ್ತೆ ಮೊದಲಿನಿಂದ ಒಳಗೆ ಹೋಗಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ನೀವು ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ ಅಲ್ಲಿಂದ ಬಸ್ ಹಿಡಿದು ಹೋಗಬೇಕು. ಬೇರೆ ಟಿಕೆಟ್‌ಗಳಿದ್ದರೆ ಐದು ಗಂಟೆಗಿಂತ ಕಡಿಮೆ ಅಂತರ ನಾನು ಇಡುವುದಿಲ್ಲ.

ಇನ್ನು ಮನೆಯಿಂದ ಮನೆಗೆ ಲೆಕ್ಕ. ಟಿಳಕವಾಡಿಯಿಂದ ಸಾಂಬ್ರಾಕ್ಕೆ ಅರ್ಧ ಗಂಟೆ. ವಿಮಾನ ಬಿಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರಿ. ಹಾರಾಟ ಒಂದೂಕಾಲು ಗಂಟೆ. ಇಳಿದು ಬ್ಯಾಗ್ ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ 35 ಕಿ.ಮೀ., ವಾಯು ವಜ್ರ ಬಸ್ಸಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಒಟ್ಟು ಸುಮಾರು ಐದು ಗಂಟೆ. ವಂದೇ ಭಾರತ್ ರೈಲು 2025ರ ಆಗಸ್ಟ್‌ನಿಂದ ಬೆಳಗಾವಿ ಬೆಂಗಳೂರು ನಡುವೆ ಓಡುತ್ತಿದೆ, ಅದರಲ್ಲಿ ಸುಮಾರು ಎಂಟೂವರೆ ಗಂಟೆ. ಬೆಳಗಾವಿ ಊರಿನವರಿಗೆ ವಿಮಾನ ಖಂಡಿತ ಬೇಗ. ಆದರೆ ಬಾಗಲಕೋಟೆಯವರಿಗೆ ಸಾಂಬ್ರಾ 140 ಕಿ.ಮೀ. ಆಗುತ್ತದೆ. ಮೂರು ಗಂಟೆ ಅದಕ್ಕೇ ಹೋಯಿತು, ಒಟ್ಟು ಸುಮಾರು ಏಳೂವರೆ ಗಂಟೆ. ಅಂಥವರಿಗೆ ರಾತ್ರಿ ಮಲಗಿ ಹೋಗುವ ಸ್ಲೀಪರ್ ಬಸ್ಸೇ ಚೆನ್ನಾಗಿರಬಹುದು. ಹಗಲು ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ.

ಯಾವ ನಿಲ್ದಾಣ ಹಿಡಿಯಬೇಕು ಅನ್ನುವುದನ್ನೂ ಇದೇ ಲೆಕ್ಕದಿಂದ ತೀರ್ಮಾನಿಸಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 370 ಕಿ.ಮೀ. ಸಾಂಬ್ರಾಕ್ಕಿಂತ 75 ಕಿ.ಮೀ. ಕಡಿಮೆ. ವಿಮಾನದಲ್ಲಿ ಅದು ಆರರಿಂದ ಹತ್ತು ನಿಮಿಷ ಅಷ್ಟೇ. ಹಾಗಾಗಿ ಕಿತ್ತೂರಿನವರು, ಬೈಲಹೊಂಗಲದವರು ಆಕಾಶದ ದೂರ ನೋಡಬೇಡಿ. ರಸ್ತೆಯ ದೂರ ನೋಡಿ, ವಿಮಾನದ ಸಮಯ ನೋಡಿ. ನಿಪ್ಪಾಣಿಯವರು ಮುಂಬೈಗೆ ಹೊರಟರೆ ಕೊಲ್ಲಾಪುರ ಹತ್ತಿರ. ವಿಜಯಪುರದವರಿಗೆ ಸಾಂಬ್ರಾ ಆಗಲಿ ಹುಬ್ಬಳ್ಳಿ ಆಗಲಿ ಸುಮಾರು 200 ಕಿ.ಮೀ., ಅವರು ಕಲಬುರಗಿಯಿಂದ ವಿಮಾನ ಇದೆಯಾ ಅಂತಲೂ ನೋಡಿಕೊಳ್ಳಲಿ. ಬಾಗಲಕೋಟೆ ರಸ್ತೆಯಿಂದ ಬರುವವರಿಗೆ ಊರಿಗಿಂತ ಮೊದಲೇ ಸಾಂಬ್ರಾ ಸಿಗುತ್ತದೆ. ಪೇಟೆಗೆ ಬರುವ ಸಮಯ ಲೆಕ್ಕಕ್ಕೆ ಹಿಡಿಯಬೇಡಿ. ಕಿತ್ತೂರು ಕಡೆಯಿಂದ ಬರುವವರು ಡಿಸೆಂಬರ್‌ನಲ್ಲಿ ಎಚ್ಚರ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಹಲಗಾ ಹತ್ತಿರ ಹೆದ್ದಾರಿಯಲ್ಲಿ ವಾಹನ ನಿಲ್ಲುತ್ತವೆ. ಒಂದು ಗಂಟೆ ಮುಂಚೆ ಹೊರಡಿ.

ಕರೆದೊಯ್ಯಲು ಬರುವ ಮನೆಯವರಿಗೆ ಟಿಕೆಟ್ ಫೋಟೊ ಕಳಿಸಿ ಸುಮ್ನಾಗಬೇಡಿ. ವಿಮಾನದ ನಂಬರ್ ಕಳಿಸಿ, ಆ್ಯಪ್‌ನಲ್ಲಿ ನೋಡಿಕೊಳ್ಳಲು ಹೇಳಿ. ನಮ್ಮ ನಿಲ್ದಾಣ ಚಿಕ್ಕದು, ಬ್ಯಾಗ್ ಬೇಗ ಬರುತ್ತದೆ. ವಿಮಾನ ಇಳಿದ ಮೇಲೆ ಮನೆ ಬಿಟ್ಟರೆ ನೀವು ಹೊರಗೆ ನಿಂತು ಕಾಯಬೇಕಾಗುತ್ತದೆ. ಬೆಂಗಳೂರಿನಿಂದ ವಿಮಾನ ಏರಿತು ಅಂತ ಆ್ಯಪ್ ತೋರಿಸಿದ ಅರ್ಧ ಗಂಟೆಗೆ ಅವರು ಟಿಳಕವಾಡಿಯಿಂದ ಹೊರಟರೆ ಸರಿಯಾಗಿ ಸಿಗುತ್ತಾರೆ.